ಮಷಿನ್ ಹಚ್ಚೂಕಿಂತ ಮೊದಲಿನ ಅರ್ಧಾ ದಿನ

"ಈಗೇನವಾ, ಎಲ್ಲಾದಕ್ಕೂ ಮಷಿನ್ ಬಂದಾವ. ಬಡಿಗ್ಯಾರ ಕೈಯಾಗ ಏನದ? ಸ್ವಿಚ್ ಹಾಕಿದ್ರ ತಾನೇ ಕೊರಕೊಂಡು ಹೋಗತದ. ಪಗಾರ ಮಾತ್ರ ಇಡೀ ದಿನದ್ದು ಬೇಕು ಅವರಿಗೆ."

ಈ ಮಾತು ನಮ್ಮ ಓಣ್ಯಾಗ, ನಮ್ಮ ಬಳಗದಾಗ, ಅರಿಶಿಣ-ಕುಂಕುಮಕ್ಕ ಹೋದಲ್ಲೆ, ಲಗ್ನದ ಮನ್ಯಾಗ ಹೋಳಿಗಿ ಲಟ್ಟಿಸೂಮುಂದ, ಎಷ್ಟು ಸಲ ಕೇಳೇನೋ ಲೆಕ್ಕ ಇಟ್ಟಿಲ್ಲ. ಹೊಸಾ ಮನಿ ಕಟ್ಟಿಸಿದವರು, ಅಡಗಿಮನಿ ಹೊಸದು ಮಾಡಿಸಿದವರು, ಎಲ್ಲಾರೂ ಇದನ್ನೇ ಅಂತಾರ. ಇವತ್ತ ಈ ಮಾತಿನ ವಿರುದ್ಧ ಬರೀಬೇಕಂತ ಕೂತೇನಿ. ಯಾರಿಗರೆ ಸಿಟ್ಟು ಬಂದ್ರ ಬರಲಿ, ಮನಿಗೆ ಬಂದು ಜಗಳಾ ತಗದು, ಚಹಾ ಕುಡದು ಹೋಗ್ರಿ.

ನಾ ಹೇಳೂದು ಇಷ್ಟೇ. ಫರ್ಮಾ ಇಟ್ಟು ರೌಟರ್ ಹಚ್ಚಿ ಕೊರಿಯೂ ಕೆಲಸದಾಗ ಖರೇ ಕೆಲಸ ನಡಿಯೂದು ಮಷಿನ್ ಚಾಲೂ ಆಗೂಕಿಂತ ಮೊದಲ. ಆ ಮೊದಲಿನ ಅರ್ಧಾ ದಿನಕ್ಕ ರೊಕ್ಕಾ ಕೊಡಲಿಕ್ಕೆ ನಾವು ಒಲ್ಲೆ ಅಂತೇವಿ. ಬಡಿಗ್ಯಾ ಸುಮ್ಮನ ಕೂತಾನ ಅಂತ ತಿಳಕೋತೇವಿ. ಆಮ್ಯಾಲೆ ಬಾಗಲಾ ವಾರಿ ಆತು, ಕಟಗಿ ಕೆಟ್ಟಿತು ಅಂತ ವರ್ಷಾನುಗಟ್ಟಲೆ ಅಳಕೋತ ಕೂಡತೇವಿ.

ರೌಟರ್ ಅಂದಕೂಡಲೆ ನಮ್ಮ ಮನಿ ಹುಡುಗರು ವೈಫೈ ಡಬ್ಬಿ ಕಡೆ ನೋಡತಾರ. ಅದಲ್ಲ. ಬಡಿಗ್ಯಾರ ರೌಟರ್ ಬ್ಯಾರೆ. ಒಂದು ಗಟ್ಟಿ ಮೋಟರ್, ಅದರ ಕೆಳಗ ಚಪ್ಪಟಿ ಬೇಸ್, ಬೇಸಿನ ನಡುವ ಒಂದು ತೂತು, ಆ ತೂತಿನಾಗಿಂದ ಕೆಳಗ ಇಳಿಯೂ ಹರಿತಾದ ಬಿಟ್. ಸಣ್ಣ ಮಷಿನ್ನಿಗೆ ಟ್ರಿಮ್ಮರ್ ಅಂತಾರ, ಸನ್‌ಮೈಕಾದ ಅಂಚು ಸವರಲಿಕ್ಕೆ ಎಲ್ಲಾ ಬಡಿಗ್ಯಾರ ಚೀಲದಾಗೂ ಇರತದ. ಆ ಬಿಟ್ ನಿಮಿಷಕ್ಕ 20ರಿಂದ 30 ಸಾವಿರ ಸುತ್ತು ತಿರಗತದ. ನಮ್ಮ ಮಿಕ್ಸರ್ ಸುದ್ದಾ ಇಷ್ಟು ಜೋರ ತಿರಗಂಗಿಲ್ಲ.

ಒಂದೇ ಆಕಾರ ಹತ್ತು ಹನ್ನೆರಡು ಸಲ ಬೇಕಾದ್ರ ಬಡಿಗ್ಯಾರು ಮೊದಲ ಎಂಡಿಎಫ್ ಹಲಗ್ಯಾಗ ಆ ಆಕಾರ ಕೊರದು ಒಂದು ಟೆಂಪ್ಲೇಟ್ ಮಾಡಕೋತಾರ. ಇದಕ್ಕೇ ಫರ್ಮಾ ಅನ್ನೂದು. ಅದನ್ನ ಕಟಗಿ ಮ್ಯಾಲೆ ಬಿಗದು, ಅದರ ಅಂಚು ಹಿಡಕೊಂಡು ರೌಟರ್ ಓಡಸತಾರ. ದೇವರಮನಿ ಬಾಗಲದಾಗ ಗಂಟಿ ಕಟ್ಟೂ ಕಿಂಡಿ, ಕಪಾಟಿನ ಕಮಾನು, ಬಿಜಾಗ್ರಿ ಕೂಡೂ ತಗ್ಗು, ಎಲ್ಲಾ ಹಿಂಗೇ ಆಗೂದು.

ಇದು ನಮಗ ತಿಳಿಯಂಗಿಲ್ಲ ಅನಬ್ಯಾಡ್ರಿ. ನಮಗ ತಿಳಿದಷ್ಟು ಗಂಡಸರಿಗೆ ತಿಳಿಯೂದಿಲ್ಲ. ಗುಳೇದಗುಡ್ಡದ ಖಣ ತಂದೀರಿ, ಜಂಪರ್ ಹೊಲಿಬೇಕು ಅಂತ ತಿಳೀರಿ. ಬಂದಕೂಡಲೆ ಕತ್ರಿ ಹಾಕತೀರೇನು? ಹಳೇ ಪೇಪರಿನ ಮ್ಯಾಲೆ ಅಳತಿ ಹಾಕಿ ಕಟಿಂಗ್ ಮಾಡಕೋತೀರಿ. ಹೊಲಿಗಿಗೆ ಮಾರ್ಜಿನ್ ಬಿಡತೀರಿ. ಧಡಿ ಎಲ್ಲೆ ಬರಬೇಕು ನೋಡತೀರಿ. ಪದರ ಸರೀಬಾರದಂತ ಟಾಚಣಿ ಚುಚ್ಚತೀರಿ. ಇದಕ್ಕ ಒಂದು ತಾಸು ಹೋಗತದ. ಕತ್ರಿ ಓಡೂದು ಐದು ನಿಮಿಷ. ಆ ಒಂದು ತಾಸು ನೀವು ಸುಮ್ಮನ ಕೂತಿದ್ರಿ ಅಂತ ಯಾರರೆ ಅಂದ್ರ ಸುಮ್ಮನಿರತೀರೇನು? ಮತ್ತ ಬಡಿಗ್ಯಾಗ ಯಾಕ ಅಂತೀರಿ?

ಈಗ ಆ ಅರ್ಧಾ ದಿನದಾಗ ಏನೇನು ಆಗತದ ಹೇಳತೇನಿ. ಮನಿ ಕೆಲಸಾ ನಡದಾಗ ಮುಂಜಾನಿಂದ ಸಂಜಿ ತನಕಾ ಅಲ್ಲೇ ಇರಾಕಿ ಯಾರು? ನಾವು. ನಮ್ಮ ಮನಿ ಕೆಲಸಕ್ಕ ಬಂದಿದ್ದ ಹಿರೇ ಬಡಿಗ್ಯಾರು ಒಬ್ಬರು ನಾ ಕೇಳಿದ್ದಕ್ಕೆಲ್ಲಾ ಬ್ಯಾಸರಿಲ್ಲದ ಹೇಳಿದ್ರು. ಅವರು ಹೇಳಿದ್ದು, ನಾ ಕಣ್ಣಾರೆ ಕಂಡದ್ದು ಎರಡೂ ಸೇರಿಸಿ ಬರೀಲಿಕ್ಕತ್ತೇನಿ.

ಮೊದಲನೇದು ಮಾರ್ಜಿನ್ ಲೆಕ್ಕ. ರೌಟರಿನ ಬೇಸಿಗೆ ಬುಷ್ ಅಂತ ಒಂದು ಲೋಹದ ಬಳಿ ಹಾಕತಾರ, ಅದು ಸಣ್ಣ ಕೊಳವಿ ಹಂಗ ಕೆಳಗ ಚಾಚಿರತದ. ಬಿಟ್ ಆ ಕೊಳವಿ ಒಳಗಿಂದ ಇಳೀತದ. ಫರ್ಮಾದ ಅಂಚಿಗೆ ತಾಗಿ ಓಡೂದು ಬುಷ್, ಕಟಗಿ ಕೊರಿಯೂದು ಬಿಟ್. ಬುಷ್ ದಪ್ಪ, ಬಿಟ್ ತೆಳ್ಳಗ. ಹಿಂಗಾಗಿ ಫರ್ಮಾದ ಅಂಚಿಗೂ ಕೊರದ ಅಂಚಿಗೂ ನಡುವ ಒಂದಿಷ್ಟು ಅಂತರ ಉಳೀತದ. ಎಷ್ಟು? ಬುಷ್‌ನ ಹೊರಗಿನ ಅಳತಿಯೊಳಗ ಬಿಟ್‌ನ ಅಳತಿ ಕಳೀರಿ, ಉಳದದ್ದು ಅರ್ಧಾ ಮಾಡ್ರಿ. ಬುಷ್ 16 ಮಿಲಿಮೀಟರ್, ಬಿಟ್ 6 ಮಿಲಿಮೀಟರ್ ಇದ್ರ 10 ಉಳೀತದ, ಅದರ ಅರ್ಧಾ 5.

ಗಂಟಿ ಕಟ್ಟೂ ಕಿಂಡಿ 80 ಮಿಲಿಮೀಟರ್ ಅಗಲ, 120 ಎತ್ತರ ಬೇಕಂದ್ರ ಫರ್ಮಾದಾಗಿನ ಕಿಂಡಿ 90 ಅಗಲ, 130 ಎತ್ತರ ಇರಬೇಕು. ಯಾಕಂದ್ರ ಐದು ಮಿಲಿಮೀಟರ್ ಎಡಕ್ಕೂ ಹೋಗತದ, ಬಲಕ್ಕೂ ಹೋಗತದ. ಒಂದೇ ಕಡೆ ಹಿಡದು 85 ಮಾಡಿದ್ರ ಕಿಂಡಿ 75 ಆಗತದ. ಜಂಪರಿಗೆ ಒಂದೇ ಬಗಲಿಗೆ ಮಾರ್ಜಿನ್ ಬಿಟ್ಟು, ಎರಡೂ ಬಗಲಿಗೆ ಹೊಲಿಗಿ ಹಾಕಿದ್ರ ಹೆಂಗ ಬಿಗೀತದೋ ಹಂಗ. ನಾ ಪಿಯುಸಿ ತನಕಾ ಕಲತಾಕಿ. ಈ ಲೆಕ್ಕಕ್ಕ ಪಿಯುಸಿನೂ ಬೇಕಾಗಿಲ್ಲ, ನಾಕನೇ ಇಯತ್ತೆ ಸಾಕು. ಆದ್ರ ಪೆನ್ಸಿಲ್ ಹಿಡದು ಬರದು ಮಾಡಬೇಕು, ಬಾಯಿಲೆ ಅಲ್ಲ.

ಬೇರಿಂಗ್ ಇರೂ ಬಿಟ್ ಅಂತ ಇನ್ನೊಂದು ಬರತದ. ಅದರಾಗ ಬೇರಿಂಗೂ ಬಿಟ್ಟೂ ಒಂದೇ ಅಳತಿ ಇದ್ರ ಈ ಅಂತರ ಇರೂದಿಲ್ಲ, ಫರ್ಮಾ ಎಷ್ಟದನೋ ಅಷ್ಟೇ ಕೊರೀತದ. ಹಂಗಂತ ಮಾಡೂ ಕೆಲಸ ಕಡಿಮಿ ಆಗಂಗಿಲ್ಲ. ಫರ್ಮಾದ ಅಂಚಿನಾಗ ಒಂದು ಸಣ್ಣ ತಗ್ಗು ಇದ್ರೂ ಬೇರಿಂಗ್ ಅದರಾಗ ಇಳದು ಹತ್ತೂತದ. ಹನ್ನೆರಡು ಕಿಂಡಿ ಕೊರದ್ರ ಹನ್ನೆರಡಕ್ಕೂ ಅದೇ ತಗ್ಗು. ಫರ್ಮಾದ ಅಂಚನ್ನ ಉಸುಕಿನ ಕಾಗದದಿಂದ ತಿಕ್ಕಿ ತಿಕ್ಕಿ, ಕಣ್ಣು ಮುಚ್ಚಿ ಬಟ್ಟು ಆಡಿಸಿ ನೋಡಬೇಕು. ಹಿರೇ ಬಡಿಗ್ಯಾರು ಹಂಗೇ ಮಾಡತಿದ್ರು.

ಎರಡನೇದು ಎಲ್ಲಾದಕ್ಕಿಂತ ದೊಡ್ಡದು, ಮತ್ತ ಎಲ್ಲಾರೂ ಬಿಟ್ಟಬಿಡೂದೂ ಇದನ್ನೇ. ಬಿಟ್ ಅನ್ನೂದು ಬುಷ್‌ನ ನಟ್ಟನಡುವ ಇರಬೇಕು. ರಂಗೋಲಿ ನಡುಚುಕ್ಕಿ ಸರದ್ರ ಇಡೀ ರಂಗೋಲಿ ವಾಲತದಲ್ಲ, ಹಂಗೇ ಇದೂ. ಬುಷ್ ಅರ್ಧಾ ಮಿಲಿಮೀಟರ್ ಸರದದ ಅಂತ ತಿಳೀರಿ. ಆಗ ಮಾರ್ಜಿನ್ ಒಂದು ಕಡೆ 5.5, ಅದರ ಎದುರಿನ ಕಡೆ 4.5 ಆಗತದ. ಬಡಿಗ್ಯಾ ಕಿಂಡಿ ಸುತ್ತ ಹೋಗೂಮುಂದ ಮಷಿನ್‌ನ ಕೈಯಾಗ ತಿರಿಗಿಸಿದಂಗೆಲ್ಲಾ ಗೆರಿ ಒಳಗ-ಹೊರಗ ಅಲೀತದ. ಫರ್ಮಾ ಸರಿ ಅದ, ಲೆಕ್ಕ ಸರಿ ಅದ, ಆದರೂ ಕಮಾನು ಸೊಟ್ಟ.

ಇದಕ್ಕ ಔಷಧ ಅದ. ಕಡ್ಡಿ ಇರೂ ಒಂದು ಮೊನಚು ಕೋನ್ ಬರತದ. ಬಿಟ್ ಬದಲಿ ಅದನ್ನ ಕಾಲೆಟ್‌ನಾಗ ಬಿಗದು, ಬೇಸ್ ಪ್ಲೇಟಿನ ಸ್ಕ್ರೂ ಸಡಲ ಮಾಡಿ, ಮೋಟರ್ ಮೆಲ್ಲಕ ಕೆಳಗ ಇಳಸತಾರ. ಕೋನ್ ಬುಷ್‌ನ ತೂತಿನಾಗ ಕೂತು ಪ್ಲೇಟನ್ನ ತಾನೇ ನಡುವಿಗೆ ಜಗ್ಗತದ. ಹಂಗೇ ಹಿಡದು ಸ್ಕ್ರೂ ಬಿಗೀ ಮಾಡೂದು. ಹತ್ತು ನಿಮಿಷದ ಕೆಲಸ.

ಆಮ್ಯಾಲೆ ಪರೀಕ್ಷಾ. ಬ್ಯಾಡಾದ ಒಂದು ತುಂಡಿನ ಮ್ಯಾಲೆ ನೇರ ಪಟ್ಟಿ ಬಿಗದು, ಬುಷ್ ಅದಕ್ಕ ಹಚ್ಚಿ ಒಂದು ಗೆರಿ ಕೊರಿಯೂದು. ಪಟ್ಟಿ ಕದಲಿಸದ ಮಷಿನ್‌ನ ಅರ್ಧಾ ಸುತ್ತು ತಿರಿಗಿಸಿ ಹಿಡದು, ಅದೇ ಗೆರಿ ಮ್ಯಾಲೆ ಮತ್ತ ಓಡಿಸೂದು. ಗೆರಿ ಇದ್ದಷ್ಟೇ ಇದ್ರ ಛಲೋ. ಅಗಲ ಆತು ಅಂದ್ರ, ಎಷ್ಟು ಅಗಲ ಆಗೇದೋ ಅದರ ಅರ್ಧದಷ್ಟು ಬುಷ್ ಆ ಕಡೆ ಸರದದ. ಕಾಲು ಸುತ್ತು ತಿರಿಗಿಸಿನೂ ಒಮ್ಮೆ ನೋಡಬೇಕು, ಇಲ್ಲಾಂದ್ರ ಇನ್ನೊಂದು ದಿಕ್ಕಿಗೆ ಸರದದ್ದು ಸಿಗಂಗಿಲ್ಲ. ಕೋನ್ ಇಲ್ಲದವರು ಮಷಿನ್ ಮ್ಯಾಲೆ ಒಂದು ಗುರ್ತು ಮಾಡಿ, ಆ ಗುರ್ತು ಯಾವಾಗಲೂ ತಮ್ಮ ಎದಿ ಕಡೆ ಇರೂಹಂಗ ಹಿಡದು, ಮಷಿನ್ ತಿರಿಗಿಸದ ಕೊರೀತಾರ. ಅದೂ ನಡೀತದ, ಆದ್ರ ಎಲ್ಲಾ ಕಿಂಡಿಗೂ ಒಂದೇ ಬಾಜೂಕ ನಿಂತು ಮಾಡಬೇಕು.

ಉಳದದ್ದು ಲಗೂ ಹೇಳಿ ಮುಗಸತೇನಿ. ಬುಷ್‌ನ ಕೊಳವಿ ಫರ್ಮಾದ ದಪ್ಪಕಿಂತ ಗಿಡ್ಡ ಇರಬೇಕು. 6 ಮಿಲಿಮೀಟರ್ ಫರ್ಮಾಕ್ಕ 10 ಮಿಲಿಮೀಟರ್ ಕೊಳವಿ ಹಾಕಿದ್ರ ಅದು ಕಟಗಿಗೆ ತಾಗಿ ಮಷಿನ್ ಎದ್ದು ನಿಂದರತದ, ಹಂತಾಕಡೆ 12 ಮಿಲಿಮೀಟರಿನ ಎಂಡಿಎಫ್ ಬೇಕು. ಬಿಟ್‌ನ ಕಡ್ಡಿ 6 ಮಿಲಿಮೀಟರ್ ಇದ್ರ ಕಾಲೆಟ್ಟೂ 6ರದ್ದೇ ಬೇಕು. ಕಾಲು ಇಂಚಿನ ಕಾಲೆಟ್ ಅಂದ್ರ 6.35, ನೋಡಲಿಕ್ಕೆ ಒಂದೇ ಕಂಡ್ರೂ ಕಡ್ಡಿ ಅದರಾಗ ಗಟ್ಟಿ ಕೂಡಂಗಿಲ್ಲ, ನಡುವ ಜಾರತದ. ಬಿಟ್ ತಳಾ ಮುಟ್ಟಸಿ, ಎರಡು ಮೂರು ಮಿಲಿಮೀಟರ್ ಮ್ಯಾಲೆ ಜಗ್ಗಿ ಆಮ್ಯಾಲೆ ಬಿಗೀಬೇಕು. 18 ಮಿಲಿಮೀಟರ್ ಹಲಗಿನ ಒಮ್ಮೆಲೇ ಕೊರೀಬಾರದು, ಮೂರು ನಾಕು ಮಿಲಿಮೀಟರಿನಂಗ ಐದಾರು ಸಲ ಇಳೀಬೇಕು. ಕಿಂಡಿ ಒಳಗ ಕೊರೀಬೇಕಾದ್ರ ಗುಡ್ಯಾಗ ಪ್ರದಕ್ಷಿಣಿ ಹಾಕಿದಂಗ ಹೋಗಬೇಕು, ಹಲಗಿ ಹೊರ ಅಂಚಿಗೆ ಅದರ ಉಲ್ಟಾ. ತಪ್ಪಿದ್ರ ಮಷಿನ್ ಕೈಯಾಗಿಂದ ಜಗ್ಗಿಕೊಂಡು ಓಡತದ. ಬಿಟ್‌ಗೆ ಕೈ ಹಚ್ಚೂ ಮೊದಲ ಪ್ಲಗ್ ಕಿತ್ತಬೇಕು, ಸ್ವಿಚ್ ಬಂದ್ ಮಾಡಿದ್ರ ಸಾಲಂಗಿಲ್ಲ. ಇದನ್ನ ಎರಡೆರಡು ಸಲ ಓದ್ರಿ.

ಇಷ್ಟೆಲ್ಲಾ ಮುಗೀಲಿಕ್ಕೆ ಅರ್ಧಾ ದಿನ ಬೇಕೋ ಬ್ಯಾಡೋ ನೀವೇ ಹೇಳ್ರಿ.

ಇದನ್ನ ಬಿಟ್ರ ಏನಾಗತದ ಅನ್ನೂದಕ್ಕ ನನ್ನ ತಂಗಿ ಮನಿ ದೇವರ ಬಾಗಲಾ ಸಾಕ್ಷಿ. ಆಕಿನ್ನ ಕೇಳೇ ಬರೀಲಿಕ್ಕತ್ತೇನಿ. ನಮ್ಮ ತವರುಮನಿ ಹಳೇ ವಾಡೆ ಕೆಡವಿದಾಗ ಸಾಗವಾನಿ ತೊಲಿ ಒಂದು ಉಳದಿತ್ತು. ನಮ್ಮ ಅಜ್ಜಿ ತೊಟ್ಟಿಲಾ ಅದಕ್ಕೇ ಕಟ್ಟತಿದ್ರಂತ. ಅದನ್ನ ಕೊಯ್ಯಿಸಿ ಹಲಗಿ ಮಾಡಿಸಿ ತಂಗಿ ದೇವರಮನಿ ಬಾಗಲಕ್ಕ ಅಂತ ಇಟ್ಟಿದ್ಲು. ಎರಡು ಪಡಕಾ, ಪಡಕಕ್ಕ ಆರು ಕಿಂಡಿ, ಕಿಂಡಿಗೊಂದು ಹಿತ್ತಾಳಿ ಗಂಟಿ. ಗೃಹಪ್ರವೇಶಕ್ಕ ನಾಕೇ ದಿನಾ ಉಳದಿತ್ತು. ಕಂತ್ರಾಟದಾರನ ಕಡೆ ಹುಡುಗ ಫರ್ಮಾಕ್ಕ ಮತ್ತ ಸೆಟ್ಟಿಂಗಿಗೆ ಅರ್ಧಾ ದಿನಾ ಬೇಕು ಅಂದಾ. ಮನಿಯವರೆಲ್ಲಾ ಕೂಡಿ, "ಆಟಾ ಹಚ್ಚೀಯೇನು, ಕೊರೀಲಿಕ್ಕೆ ಸುರು ಮಾಡು" ಅಂದ್ರು. ಕಂತ್ರಾಟದಾರನೂ ಫೋನಿನಾಗ ಹೂಂ ಅಂದಾ. ಅವನದು ಚದರಡಿ ಲೆಕ್ಕ, ಲಗೂ ಮುಗದಷ್ಟು ಅವನಿಗೆ ಲಾಭ.

ಬುಷ್ ಒಂದು ಮಿಲಿಮೀಟರ್ ಸರದಿತ್ತು. ಎಡಗಡೆ ಪಡಕಾನ ಹುಡುಗ ಒಂದು ಬಾಜೂ ನಿಂತು ಕೊರದಾ, ಬಲಗಡೆ ಪಡಕಾನ ಜಾಗಾ ಸಾಲದ ಇನ್ನೊಂದು ಬಾಜೂ ನಿಂತು ಕೊರದಾ. ಒಂದರಾಗ ಕಿಂಡಿ ಒಂದು ಮಿಲಿಮೀಟರ್ ಮ್ಯಾಲೆ, ಇನ್ನೊಂದರಾಗ ಒಂದು ಮಿಲಿಮೀಟರ್ ಕೆಳಗ. ಬಾಗಲಾ ಮುಚ್ಚಿದ್ರ ಆರೂ ಸಾಲಿನಾಗ ಎರಡು ಮಿಲಿಮೀಟರ್ ಏರುಪೇರು, ಹಲ್ಲು ಬಂದಂಗ ಕಾಣತದ. ಕಂತ್ರಾಟದಾರ ಬಂದು ನೋಡಿ ಏನಂದಾ ಗೊತ್ತದೇನು? "ಗಂಟಿ ಕಟ್ಟಿದ ಮ್ಯಾಲೆ ಕಾಣಂಗಿಲ್ರಿ ಅಕ್ಕಾರ." ಆಮ್ಯಾಲೆ ಕಟಗಿ ಹಸೀ ಇತ್ತು ಅಂದಾ. ವಾಡೆಯೊಳಗ ತಲಿಮಾರು ಕಂಡ ಕಟಗಿ ಹಸೀ!

ಬ್ಯಾರೆ ಹಲಗಿ ತರಬಹುದು. ಆ ತೊಲಿ ಎಲ್ಲಿಂದ ತರೂದು? ತಂಗಿ ದಿನಾ ಮುಂಜಾನೆ ದೀಪಾ ಹಚ್ಚೂಮುಂದ ಅದೇ ಬಾಗಲಾ ತಗೀತಾಳ. ಬೈಗುಳಾ ಮಾತ್ರ ಆ ಹುಡುಗನ ಪಾಲಿಗೆ ಬಂತು, ಮೂರು ದಿನದ ಪಗಾರಾನೂ ಮುರಕೊಂಡ್ರು. ಅರ್ಧಾ ದಿನಾ ಕೇಳಿದಾಂವ ಅವನೊಬ್ಬನೇ! ಅವನ ಪಗಾರ ಮುರದವರು ನಮ್ಮ ಮಂದಿನೇ ಆದ್ರೂ ಇದು ಅನ್ಯಾಯ ಅಂತ ಅವರ ಮಾರಿ ಮ್ಯಾಲೆ ಹೇಳೇನಿ, ಇಲ್ಲೂ ಹೇಳತೇನಿ.

"ಎರಡು ಮಿಲಿಮೀಟರ್ ಏನು ಮಹಾ" ಅನ್ನೋರು ಇದ್ದಾರ. ಅನ್ನದಾಗ ಹಳ್ಳು ಎಷ್ಟು ದೊಡ್ಡದಿರತದ? ಹಲ್ಲಿಗೆ ಸಿಕ್ಕಾಗ ಗೊತ್ತಾಗತದಿಲ್ಲೋ?

"ಹಿಂದಿನವರು ಇಷ್ಟೆಲ್ಲಾ ಎಲ್ಲೆ ಮಾಡತಿದ್ರು, ಕಣ್ಣಂದಾಜಿನ ಮ್ಯಾಲೇ ತೇರು ಕಟ್ಟಿದ್ರು" ಅಂತ ಇನ್ನೊಂದು ಮಾತು. ಹಿಂದಿನವರ ಕೈಯಾಗ ಉಳಿ ಇತ್ತು. ಉಳಿಯವನಿಗೆ ಒಂದೊಂದು ಹೊಡತಕ್ಕೂ ನೋಡಿ ತಿದ್ದಿಕೊಳ್ಳಲಿಕ್ಕೆ ಪುರಸೊತ್ತು ಇರತದ. ರೌಟರಿನವನಿಗೆ ಅದಿಲ್ಲ, ಕಣ್ಣು ಕಾಣೂದರೊಳಗ ಕಟಗಿ ಪುಡಿ ಆಗಿ ಹಾರಿರತದ. ಉಳಿ ಕೆಲಸದಾಗ ಜಾಣತನಾ ಕೆಲಸದ ಉದ್ದಕ್ಕೂ ಹಂಚಿಕೊಂಡಿರತದ, ಮಷಿನ್ ಕೆಲಸದಾಗ ಅದೆಲ್ಲಾ ಮೊದಲೇ ಖರ್ಚ ಮಾಡಬೇಕು. ಅದಕ್ಕೇ ಮಷಿನ್ ಬಂದ ಮ್ಯಾಲೆ ತಯಾರಿ ಹೆಚ್ಚ ಬೇಕು, ಕಡಿಮಿ ಅಲ್ಲ. ಮತ್ತ ಉಳಿ ಕೆಲಸ ಮುಗದಿಲ್ಲ. ಬಿಟ್ ದುಂಡಗಿರತದ, ಬಿಜಾಗ್ರಿ ತಗ್ಗಿನ ಮೂಲಿ ಚೌಕ ಬೇಕಂದ್ರ ಕಡೀಕ ಉಳಿನೇ ಹಿಡೀಬೇಕು.

ಇನ್ನ ಕೆಲವರು, "ಸಿಎನ್‌ಸಿ ಅಂಗಡಿಗೆ ಕೊಟ್ಟಬಿಡ್ರಿ, ಕಂಪ್ಯೂಟರೇ ಕೊರೀತದ" ಅಂತಾರ. ಕೊಡ್ರಿ. ಅಲ್ಲೂ ಕಟಗಿ ಎಲ್ಲಿಂದ ಸುರು ಅಂತ ಸೊನ್ನಿ ಕೂಡಸಬೇಕು, ಬಿಟ್ ಎಷ್ಟು ದಪ್ಪ ಅಂತ ಕಂಪ್ಯೂಟರಿಗೆ ಹೇಳಬೇಕು. 6 ಅಂತ ಹೇಳಿ 5ರ ಬಿಟ್ ಹಾಕಿದ್ರ ಕಂಪ್ಯೂಟರ್ ಬೈಯಂಗಿಲ್ಲ, ಸುಮ್ಮನ ತಪ್ಪೇ ಕೊರದು ಕೊಡತದ. ಅಲ್ಲೂ ಮೊದಲ ಒಬ್ಬ ಮನಶಾ ಕೂತು ನೋಡಲೇಬೇಕು.

"ಇದೆಲ್ಲಾ ಹೆಂಗಸರಿಗ್ಯಾಕ" ಅನ್ನೋರಿಗೆ ನಾ ಉತ್ತರಾ ಕೊಡಂಗಿಲ್ಲ. ಮುಂದ ಮೂವತ್ತು ವರ್ಷ ಆ ಬಾಗಲಾ ಒರಸಾಕಿ, ಆ ಕಪಾಟಿನ ಬಾಗಲಾ ದಿನಕ್ಕ ನಲವತ್ತು ಸಲ ತಗದು ಹಾಕಾಕಿ ಯಾರು ಅಂತ ಅವರೇ ನೋಡಲಿ.

ಅದಕ್ಕೇ ವೈನಿ, ಮೌಶಿ, ಅಕ್ಕಾ, ಎಲ್ಲಾರಿಗೂ ನನ್ನ ಮಾತು ಇದು. ಕಟಗಿ ಕೆಲಸದ ಕರಾರು ಮಾಡಕೊಳ್ಳೂಮುಂದ ಚದರಡಿ ಲೆಕ್ಕದ ಕೆಳಗ ಒಂದು ಸಾಲು ಬರಸ್ರಿ: ಫರ್ಮಾಕ್ಕ ಮತ್ತ ಮಷಿನ್ ಸೆಟ್ಟಿಂಗಿಗೆ ಅರ್ಧಾ ದಿನದ ಪಗಾರ ಬ್ಯಾರೆ. ಚದರಡಿ ಲೆಕ್ಕದಾಗ ಆ ವೇಳ್ಯಾ ಬಡಿಗ್ಯಾನ ಹೊಟ್ಟಿಯೊಳಗಿಂದ ಹೋಗತದ, ಹಿಂಗಾಗಿ ಅಂವಾ ಅದನ್ನ ನುಂಗತಾನ. ಪರೀಕ್ಷಾಕ್ಕ ಒಂದು ಬ್ಯಾಡಾದ ಹಲಗಿ ನೀವೇ ಕೊಡ್ರಿ, ಖರೇ ಕಟಗಿ ಎಷ್ಟು ದಪ್ಪದನೋ ಅಷ್ಟೇ ದಪ್ಪದ್ದು. ಹಳೇ ಮನಿ ಕಟಗಿ ಇದ್ರ ಅದರಾಗ ಮೊಳಿ ಉಳದಾವೇನು ನೋಡಸ್ರಿ, ಬಿಟ್ ಮೊಳಿಗೆ ಬಡದ್ರ ಒಡದು ಸಿಡೀತದ. ಹುಡುಗನ ಕಣ್ಣಿಗೆ ಚಾಳೀಸು, ಮೂಗಿಗೆ ಮಾಸ್ಕ್ ಅದನೋ ಇಲ್ಲೋ ಕೇಳ್ರಿ, ಇಲ್ಲಾಂದ್ರ ತರಸ್ರಿ. ಕಟಗಿ ಧೂಳು ಕ್ಯಾನ್ಸರ್ ತರತದ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 1995ರೊಳಗೇ ಹೇಳ್ಯಾರ. ಅವನೂ ಯಾರದೋ ಮನಿ ಮಗಾ.

ಪರೀಕ್ಷಾದ ಕಿಂಡಿ ಕೊರದ ಮ್ಯಾಲೆ ನೀವೇ ಹೋಗಿ ಪಟ್ಟಿ ಹಿಡದು ಅಳೀರಿ. 80 ಅಂದ್ರ 80 ಬಂದದೇನು? ಉದ್ದಕ್ಕೂ ಅಡ್ಡಕ್ಕೂ ಅಳೀರಿ, ಅಂಚಿಗೆ ಬಟ್ಟು ಆಡಸ್ರಿ. ಸರಿ ಬರೂತನಕಾ ಖರೇ ಕಟಗಿಗೆ ಮಷಿನ್ ಹಚ್ಚಗೊಡಬ್ಯಾಡ್ರಿ, ಗೃಹಪ್ರವೇಶ ನಾಳೆ ಇದ್ರೂ ಸೈ. ಬಾಗಲಾ ಇಲ್ಲದ ದೇವರಮನಿಗೆ ಒಂದು ಪಡದೆ ಕಟ್ಟಿದ್ರ ದೇವರು ಸಿಟ್ಟಾಗಂಗಿಲ್ಲ.

ಕೆಲಸಾ ಮುಗದ ಮ್ಯಾಲೆ ಫರ್ಮಾ ಒಲಿಗೆ ಹಾಕಬ್ಯಾಡ್ರಿ. ಅದರ ಮ್ಯಾಲೆ ಪೆನ್ಸಿಲಿನಿಂದ "ಬುಷ್ 16, ಬಿಟ್ 6" ಅಂತ ಬರಸಿ, ಪರೀಕ್ಷಾದ ತುಂಡಿನ ಜೋಡಿ ಕಟ್ಟಿ ಅಟ್ಟದ ಮ್ಯಾಲೆ ಇಡ್ರಿ. ನಾಳೆ ಒಂದು ಪಡಕಾ ಹುಳಾ ಹಿಡದ್ರ, ಮಗಳ ಮನಿಗೂ ಅಂಥದ್ದೇ ಬಾಗಲಾ ಬೇಕಂದ್ರ, ಬರೂ ಬಡಿಗ್ಯಾಗ ಆ ಅರ್ಧಾ ದಿನದಾಗಿಂದ ಒಂದೆರಡು ತಾಸು ಉಳೀತದ. ಉಳದ ವೇಳ್ಯಾದ ಪಗಾರಾನೂ ಅವನಿಗೇ ಕೊಡ್ರಿ.